ಸೊರಗಿದ ಆಲ್ಬಮ್ಮಿಗೆ ಹೊಸ ಹಾಡುಕ್ರಮ: ‘ಲೆಟ್ ಇಟ್ ಬಿ’ಯನ್ನು ಮರುಜೋಡಿಸುವ ಸಮಗ್ರ ಮಾರ್ಗದರ್ಶಿ

ರಾತ್ರಿಯಿಡೀ ಆಗುವ ಯಕ್ಷಗಾನ ಪ್ರಸಂಗವನ್ನು ನನ್ನ ಭಾವ ಮೂರು ತಾಸಿನ ಕಾಲಮಿತಿಗೆ ಇಳಿಸುವುದನ್ನು ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಹಲವು ಸಲ ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅವರು ಹವ್ಯಾಸಿ ಭಾಗವತರು. ಪೆನ್ಸಿಲ್ ಹಿಡಿದು ಪದ್ಯಗಳ ಪಕ್ಕ ಗುರುತು ಹಾಕುತ್ತ ಹೋಗುತ್ತಾರೆ. ಬಿಡುವ ಪದ್ಯಗಳೆಲ್ಲ ಸಪ್ಪೆಯಾಗಿರುವುದಿಲ್ಲ, ಉಳಿಸಿಕೊಂಡವೆಲ್ಲ ಶ್ರೇಷ್ಠವೂ ಆಗಿರುವುದಿಲ್ಲ. ಎಷ್ಟೇ ಸೊಗಸಾದ ಪದ್ಯವಾದರೂ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿಯಾಗದಿದ್ದರೆ ಅದಕ್ಕೆ ಆ ರಾತ್ರಿ ಜಾಗವಿಲ್ಲ. ಕಥೆಯ ನಡೆ ಕೆಡಬಾರದು ಎಂಬುದೊಂದೇ ಅವರ ಲೆಕ್ಕ.

ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನ ‘ಲೆಟ್ ಇಟ್ ಬಿ’ ಆಲ್ಬಮ್ಮಿನ ಹಾಡುಗಳನ್ನು ಹೊಸದಾಗಿ ಜೋಡಿಸಲು ಕುಳಿತಾಗ ನನಗೆ ದಾರಿ ತೋರಿಸಿದ್ದು ಆ ಪೆನ್ಸಿಲ್. 1970ರ ಮೇ 8ರಂದು ಬ್ರಿಟನ್ನಿನಲ್ಲಿ ಹೊರಬಂದ ಈ ಆಲ್ಬಂ ಜಗತ್ತಿನ ಅಭಿಮಾನಿಗಳು ಅತಿ ಹೆಚ್ಚು ಸಲ ಕಳಚಿ ಕೂಡಿಸಿರುವ ಆಲ್ಬಮ್ಮುಗಳಲ್ಲಿ ಒಂದು. ಹನ್ನೆರಡು ಹಾಡು, ಸುಮಾರು 35 ನಿಮಿಷ. ಒಂದೊಂದಾಗಿ ಕೇಳಿದರೆ ಅದರಲ್ಲಿ ನಾಲ್ಕೈದು ಅಮರ ಹಾಡುಗಳಿವೆ; ಒಟ್ಟಾಗಿ ಕೇಳಿದರೆ ಏನೋ ಕೈತಪ್ಪಿದ ಹಾಗಾಗುತ್ತದೆ. ಆ ‘ಏನೋ’ ಯಾವುದೆಂದು ಪತ್ತೆ ಹಚ್ಚಿ, ಇರುವ ಹಾಡುಗಳಿಂದಲೇ ಸರಿಪಡಿಸುವ ಕೆಲಸವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಿಮಗೆ ಬೇರೆ ತಂಡದ, ಬೇರೆ ಭಾಷೆಯ ಆಲ್ಬಂ ಮನಸ್ಸಿನಲ್ಲಿದ್ದರೂ ವಿಧಾನ ಇದೇ.

ಬೇಕಾದದ್ದು ಬಹಳವಿಲ್ಲ. ಹಾಡುಗಳ ಅಧಿಕೃತ ಪ್ರತಿಗಳು, ಒಂದು ಕಂಪ್ಯೂಟರ್, ರಟ್ಟಿನ ಚೀಟಿಗಳು, ಪೆನ್ಸಿಲ್, ಮತ್ತು ಸಾಧ್ಯವಾದರೆ ಒಂದು ಹಾರ್ಮೋನಿಯಂ ಅಥವಾ ಶ್ರುತಿಪೆಟ್ಟಿಗೆ. ಜೊತೆಗೆ ನಿಮ್ಮ ಮಾತಿಗೆ ತಲೆಯಾಡಿಸದ ಒಬ್ಬ ಗೆಳೆಯ. ನನಗೆ ಕಾರವಾರದ ಕೋಡಿಬಾಗದಿಂದ ಅಂಥ ಗೆಳೆಯನೊಬ್ಬ ಸಿಕ್ಕಿದ್ದಾನೆ. ಆಷಾಢದ ಮಳೆಯಲ್ಲಿ ರೆಕಾರ್ಡ್ ಪ್ಲೇಯರನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಘಟ್ಟ ಹತ್ತಿ ಬಂದವನು ಅವನು.

ಹಂತ 1: ಮೂಲವನ್ನು ಇದ್ದ ಹಾಗೆ ಮೂರು ಸಲ ಕೇಳಿ

ಮೊದಲ ಸಲ ಏನನ್ನೂ ಬರೆಯಬೇಡಿ. ಎರಡನೆಯ ಸಲ ನಿಮ್ಮ ಗಮನ ಎಲ್ಲಿ ಚದುರಿತು ಎಂಬುದನ್ನಷ್ಟೇ ನಿಮಿಷ, ಸೆಕೆಂಡಿನ ಸಮೇತ ಗುರುತು ಮಾಡಿಕೊಳ್ಳಿ. ಮೂರನೆಯ ಸಲ ಹಾಡುಗಳನ್ನು ಬಿಟ್ಟು, ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದುಗಳನ್ನು ಮಾತ್ರ ಕೇಳಿ. ಮೊಬೈಲಿನಲ್ಲಿ ಕೇಳುವವರು ಹಾಡುಗಳನ್ನು ಅದಲುಬದಲು ಮಾಡುವ ಆಯ್ಕೆಯನ್ನೂ, ಒಂದರ ಬಾಲದ ಮೇಲೆ ಇನ್ನೊಂದನ್ನು ಏರಿಸುವ ಆಯ್ಕೆಯನ್ನೂ ಮರೆಯದೆ ಆರಿಸಿಡಿ. ಎಷ್ಟೋ ಜನ ವರ್ಷಗಟ್ಟಲೆ ಕೇಳಿದ ಆಲ್ಬಮ್ಮಿನ ನಿಜವಾದ ಕ್ರಮವನ್ನು ಒಮ್ಮೆಯೂ ಕೇಳಿರುವುದಿಲ್ಲ.

ಮೂಲಕ್ಕೆ ಈ ಮರ್ಯಾದೆ ಸಲ್ಲಲೇಬೇಕು. ಮೂಲದ ಕ್ರಮದಲ್ಲಿ ಒಂದೆರಡಾದರೂ ಒಳ್ಳೆಯ ನಿರ್ಧಾರಗಳು ಇದ್ದೇ ಇರುತ್ತವೆ. ‘ಲೆಟ್ ಇಟ್ ಬಿ’ಯಲ್ಲಿ ‘ಟೂ ಆಫ್ ಅಸ್’ನಿಂದ ಆರಂಭಿಸಿದ್ದು ಅಂಥದ್ದು. ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಮುಗಿದ ಕೂಡಲೇ ‘ಫಾರ್ ಯೂ ಬ್ಲೂ’ ಬರುವುದೂ ಅಂಥದ್ದೇ: ಅಳು ಗಂಟಲಿನಲ್ಲಿ ಇರುವಾಗ ಹಗುರವಾದ ಗಿಟಾರ್ ಬಂದು ಬೆನ್ನು ತಟ್ಟುತ್ತದೆ. ಈ ಎರಡನ್ನೂ ನಾನು ಕದಲಿಸಲಿಲ್ಲ.

ಹಂತ 2: ನಿರಾಸೆ ಯಾವುದೆಂದು ಗುರುತಿಸಿ

ಆಲ್ಬಂ ಸೋಲುವ ಬಗೆಗಳು ಬೇರೆಬೇರೆ. ಹಾಡುಗಳೇ ದುರ್ಬಲವಾಗಿರಬಹುದು. ಹಾಡು ಗಟ್ಟಿಯಿದ್ದು ಧ್ವನಿಮುದ್ರಣದ ಅಲಂಕಾರ ಹೆಚ್ಚಾಗಿರಬಹುದು. ಎರಡೂ ಸರಿಯಿದ್ದು ಕ್ರಮ ಕೆಟ್ಟಿರಬಹುದು. ಒಳ್ಳೆಯ ಹಾಡೊಂದನ್ನು ಹೊರಗೆ ಬಿಟ್ಟಿರಬಹುದು. ಮೊದಲನೆಯ ರೋಗಕ್ಕೆ ಈ ಮಾರ್ಗದರ್ಶಿಯಲ್ಲಿ ಮದ್ದಿಲ್ಲ. ಉಳಿದ ಮೂರಕ್ಕೆ ಇದೆ. ‘ಲೆಟ್ ಇಟ್ ಬಿ’ಗೆ ಆ ಮೂರೂ ಅಂಟಿಕೊಂಡಿವೆ.

ಈ ಆಲ್ಬಮ್ಮಿನ ಹುಟ್ಟನ್ನು ತಿಳಿಯದೆ ರೋಗ ಅರ್ಥವಾಗದು. 1969ರ ಜನವರಿ 2ರಂದು ತಂಡದ ನಾಲ್ವರೂ (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್) ಲಂಡನ್ನಿನ ಟ್ವಿಕೆನ್‌ಹ್ಯಾಮ್ ಚಿತ್ರ ಸ್ಟುಡಿಯೋದಲ್ಲಿ ಕ್ಯಾಮೆರಾಗಳ ಎದುರು ತಾಲೀಮು ಶುರು ಮಾಡಿದರು. 10ನೇ ತಾರೀಖು ಜಾರ್ಜ್ ಹ್ಯಾರಿಸನ್ ಎದ್ದು ಹೊರನಡೆದರು. ಅವರು ಮರಳಿದ ಮೇಲೆ ಕೆಲಸ ತಂಡದ ಕಚೇರಿಯಿದ್ದ ಸೆವಿಲ್ ರೋ ಬೀದಿಯ 3ನೇ ಸಂಖ್ಯೆಯ ಕಟ್ಟಡದ ನೆಲಮಾಳಿಗೆಗೆ ಬಂತು. 22ರಂದು ಅತಿಥಿ ವಾದಕ ಬಿಲ್ಲಿ ಪ್ರೆಸ್ಟನ್ ಕೀಬೋರ್ಡಿಗೆ ಕುಳಿತರು, ವಾತಾವರಣ ತಿಳಿಯಾಯಿತು. 30ರಂದು ಅದೇ ಕಟ್ಟಡದ ತಾರಸಿಯ ಮೇಲೆ, ಚಳಿಯಲ್ಲಿ, 42 ನಿಮಿಷಗಳ ಕಛೇರಿ. ಮರುದಿನ, 31ರಂದು, ಮತ್ತೆ ನೆಲಮಾಳಿಗೆಯಲ್ಲಿ ಪಿಯಾನೋ ಮುಂದೆ ಕುಳಿತು ಮೃದುವಾದ ಹಾಡುಗಳ ಮುದ್ರಣ.

ಇಷ್ಟಾದ ಮೇಲೆ ಟೇಪುಗಳು ವರ್ಷಕ್ಕೂ ಮೇಲ್ಪಟ್ಟು ಮೂಲೆಯಲ್ಲಿದ್ದವು. ಧ್ವನಿಮುದ್ರಣ ತಂತ್ರಜ್ಞ ಗ್ಲಿನ್ ಜಾನ್ಸ್ ಜೋಡಿಸಿಕೊಟ್ಟ ಪ್ರತಿಗಳನ್ನು ತಂಡ ಒಪ್ಪಲಿಲ್ಲ. ನಡುವೆ ತಂಡದ ಇನ್ನೊಂದು ಆಲ್ಬಂ ‘ಅಬ್ಬೆ ರೋಡ್’ ಮುದ್ರಣವಾಗಿ 1969ರ ಸೆಪ್ಟೆಂಬರಿನಲ್ಲಿ ಹೊರಬಂದೇ ಬಿಟ್ಟಿತು. ಕೊನೆಗೆ ಟೇಪುಗಳು ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೈಗೆ ಹೋದವು. 1970ರ ಏಪ್ರಿಲ್ 1ರಂದು ಅವರು ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಮೇಲೆ ದೊಡ್ಡ ವಾದ್ಯವೃಂದವನ್ನೂ ಹೆಣ್ಣುದನಿಗಳ ಮೇಳವನ್ನೂ ಹೇರಿದರು. ಪಾಲ್ ಮೆಕಾರ್ಟ್ನಿಗೆ ಅದು ಎಷ್ಟು ನೋವು ತಂದಿತೆಂದರೆ, ತಂಡದ ಪಾಲುದಾರಿಕೆ ಮುರಿಯಲು ಹೂಡಿದ ಮೊಕದ್ದಮೆಯಲ್ಲೂ ಆ ವಿಷಯ ಬಂತು.

ಅಲಂಕಾರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕ್ರಮದ ತಪ್ಪಿನ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಶೀರ್ಷಿಕೆಯ ಹಾಡಿಗೆ ಕೊಟ್ಟ ಜಾಗ ನೋಡಿ. ಮೆಕಾರ್ಟ್ನಿಯ ತೀರಿಹೋದ ತಾಯಿ ಕನಸಿನಲ್ಲಿ ಬಂದು ಸಮಾಧಾನ ಹೇಳಿದ್ದರಿಂದ ಹುಟ್ಟಿದ ಹಾಡು ಅದು, ಪ್ರಾರ್ಥನೆಯ ಹಾಗಿದೆ. ಅದರ ಹಿಂದೆ 50 ಸೆಕೆಂಡಿನ ‘ಡಿಗ್ ಇಟ್’ ಎಂಬ ಹುಡುಗಾಟದ ತುಣುಕು. ಅದರ ಕೊನೆಯಲ್ಲಿ ಜಾನ್ ಲೆನನ್ ಕೀರಲು ದನಿಯಲ್ಲಿ ಮುಂದಿನ ಹಾಡನ್ನೇ ಅಣಕಿಸುತ್ತಾರೆ. ಹಾಡು ಮುಗಿದ ಮೇಲೆ 40 ಸೆಕೆಂಡಿನ ‘ಮ್ಯಾಗಿ ಮೇ’, ಲಿವರ್‌ಪೂಲ್ ಬಂದರಿನ ವೇಶ್ಯೆಯ ಕುರಿತ ಪುಂಡು ಪದ. ಮಂಗಳ ಪದ್ಯದ ಹಿಂದೆಯೂ ಮುಂದೆಯೂ ಹಾಸ್ಯಗಾರ ಕುಣಿದ ಹಾಗೆ. ಹಾಡಿನ ಒಂದು ಸ್ವರವನ್ನೂ ಮುಟ್ಟದೆ, ಅಕ್ಕಪಕ್ಕದವುಗಳಿಂದಲೇ ಅದರ ಕಾಂತಿ ಕಳೆಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಹಾಗಾದರೆ ಅಕ್ಕಪಕ್ಕದವನ್ನು ಬದಲಿಸಿ ಆ ಕಾಂತಿಯನ್ನು ಮರಳಿ ತರಲೂಬಹುದು.

ಹಂತ 3: ಕಟ್ಟಳೆಗಳನ್ನು ಬರೆದು ಗೋಡೆಗೆ ಅಂಟಿಸಿ

ಕಟ್ಟಳೆಯಿಲ್ಲದೆ ಕುಳಿತರೆ ಎರಡೇ ದಿನದಲ್ಲಿ ನಿಮ್ಮ ಪಟ್ಟಿ ‘ನನಗಿಷ್ಟವಾದ ಹಾಡುಗಳು’ ಆಗಿಬಿಡುತ್ತದೆ. ಅದಕ್ಕೆ ಆಲ್ಬಂ ಎನ್ನಲಾಗದು. ನಾವು ಹಾಕಿಕೊಂಡ ಕಟ್ಟಳೆಗಳು ನಾಲ್ಕು. ಹಾಡನ್ನು ತಂಡ 1969ರ ಜನವರಿಯಲ್ಲಿ ನುಡಿಸಿರಬೇಕು. ಬೀಟಲ್ಸ್ ಹೆಸರಿನಲ್ಲೇ, 1970ರ ಮೇ ಮುಗಿಯುವುದರೊಳಗೆ ಆ ಹಾಡು ಹೊರಬಂದಿರಬೇಕು. ಅದರ ಯಾವ ಅಧಿಕೃತ ರೂಪವನ್ನಾದರೂ ಬಳಸಬಹುದು, ಆದರೆ ಹಾಡಿನ ಒಳಗೆ ಕತ್ತರಿ ಆಡಿಸಬಾರದು. ಒಂದು ಮಗ್ಗುಲು 22 ನಿಮಿಷ ದಾಟಬಾರದು.

ಕೊನೆಯ ಕಟ್ಟಳೆಗೆ ಕಾರಣ ಹೇಳಬೇಕು. ಎಲ್‌ಪಿ ರೆಕಾರ್ಡಿನ ಮಗ್ಗುಲಿನಲ್ಲಿ ಹೆಚ್ಚು ನಿಮಿಷ ತುಂಬಿದಷ್ಟೂ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ. ದನಿಯ ಮಟ್ಟವನ್ನು ತಗ್ಗಿಸಬೇಕಾಗುತ್ತದೆ. ಹಾಗಾಗಿ ಆ ಕಾಲದ ಆಲ್ಬಂಗಳು ಬಹುಮಟ್ಟಿಗೆ ಈ ಅಳತೆಯೊಳಗೇ ಇರುತ್ತಿದ್ದವು. ಇಂದು ನಾವು ಮೊಬೈಲಿನಲ್ಲಿ ಕೇಳುವಾಗ ಆ ಮಿತಿ ಬೇಕಿಲ್ಲ, ನಿಜ. ಆದರೆ ನಡುವೆ ಎದ್ದು ತಟ್ಟೆ ತಿರುಗಿಸುವ ಆ ಬಿಡುವೇ ಆಲ್ಬಮ್ಮಿಗೆ ಎರಡು ಅಂಕಗಳನ್ನು ಕೊಟ್ಟದ್ದು. ಅದನ್ನು ಬಿಟ್ಟುಕೊಡಬೇಡಿ. ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವರು ಸಿ-60 ಕ್ಯಾಸೆಟ್ಟಿನ 30 ನಿಮಿಷದ ಮಗ್ಗುಲನ್ನೇ ಅಳತೆಯಾಗಿ ಇಟ್ಟುಕೊಂಡರೂ ಅಡ್ಡಿಯಿಲ್ಲ.

ಕಟ್ಟಳೆ ನಿಮ್ಮನ್ನು ನೋಯಿಸಬೇಕು. ಹ್ಯಾರಿಸನ್ ಅವರ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಹಾಡನ್ನು ತಂಡ ಆ ಜನವರಿಯಲ್ಲಿ ಮತ್ತೆ ಮತ್ತೆ ತಾಲೀಮು ಮಾಡಿತ್ತು, ಆದರೆ ಮುಗಿಸಲಿಲ್ಲ. 1970ರ ನವೆಂಬರಿನಲ್ಲಿ ಅದು ಅವರ ಸ್ವಂತ ಆಲ್ಬಮ್ಮಿನಲ್ಲಿ ಬಂತು. ನಮ್ಮ ಎರಡನೆಯ ಕಟ್ಟಳೆ ಅದನ್ನು ಹೊರಗಿಡುತ್ತದೆ. ಗೆಳೆಯ ಒಂದು ಸಂಜೆಯಿಡೀ ಆ ಹಾಡಿನ ಪರವಾಗಿ ವಾದಿಸಿದ. ತಾಳಮದ್ದಳೆಯ ಅರ್ಥಧಾರಿಗಳೂ ತಲೆದೂಗುವಂಥ ವಾದ. ಆದರೂ ಕಟ್ಟಳೆ ಸಡಿಲಿಸಲಿಲ್ಲ. ಒಂದಕ್ಕೆ ಬಾಗಿಲು ತೆರೆದರೆ ನಾಲ್ವರ ಸ್ವಂತ ಆಲ್ಬಮ್ಮುಗಳೆಲ್ಲ ಒಳನುಗ್ಗುತ್ತವೆ.

ಹಂತ 4: ಹಾಡಿಗೊಂದು ಚೀಟಿ

ರಟ್ಟನ್ನು ಇಸ್ಪೀಟು ಎಲೆಯಷ್ಟು ಕತ್ತರಿಸಿ. ಪ್ರತಿ ಚೀಟಿಯಲ್ಲಿ ಹಾಡಿನ ಹೆಸರು, ಕಾಲಾವಧಿ, ಮುಖ್ಯ ದನಿ ಯಾರದು, ಶ್ರುತಿ, ನಡೆ (ವಿಳಂಬವೋ ದ್ರುತವೋ), ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂದು ಬರೆಯಿರಿ. ಕೊನೆಯ ಎರಡನ್ನು ಹೆಚ್ಚಿನವರು ಬರೆಯುವುದಿಲ್ಲ. ಮುಂದೆ ನಿಜವಾಗಿ ಕೆಲಸಕ್ಕೆ ಬರುವುದು ಆ ಎರಡೇ.

ಒಂದೇ ಹಾಡಿಗೆ ಹಲವು ರೂಪಗಳಿದ್ದರೆ ಹಲವು ಚೀಟಿ. ‘ಲೆಟ್ ಇಟ್ ಬಿ’ಯ ಮಟ್ಟಿಗೆ ಮೂರು ಮೂಲಗಳು ಸಾಕು. 1970ರ ಆಲ್ಬಂ. 2003ರ ನವೆಂಬರಿನಲ್ಲಿ ಬಂದ ‘ಲೆಟ್ ಇಟ್ ಬಿ... ನೇಕೆಡ್’, ಇದರಲ್ಲಿ ಸ್ಪೆಕ್ಟರ್ ಹೇರಿದ ವಾದ್ಯವೃಂದವೂ ಹಾಡುಗಳ ನಡುವಿನ ಹರಟೆಯೂ ಇಲ್ಲ. ಮತ್ತು ಸಿಂಗಲ್ (ಆಲ್ಬಮ್ಮಿನಿಂದ ಬೇರೆಯಾಗಿ ಹೊರತರುವ ಚಿಕ್ಕ ರೆಕಾರ್ಡ್) ರೂಪಗಳಿರುವ ‘ಪಾಸ್ಟ್ ಮಾಸ್ಟರ್ಸ್’ ಸಂಕಲನ. ‘ನೇಕೆಡ್’ ಕೂಡ ಒಂದು ಮರುಜೋಡಣೆಯೇ: ‘ಡಿಗ್ ಇಟ್’, ‘ಮ್ಯಾಗಿ ಮೇ’ ತೆಗೆದು ‘ಡೋಂಟ್ ಲೆಟ್ ಮಿ ಡೌನ್’ ಸೇರಿಸಿದರು, ‘ಗೆಟ್ ಬ್ಯಾಕ್’ನಿಂದ ಶುರು ಮಾಡಿ ‘ಲೆಟ್ ಇಟ್ ಬಿ’ಗೆ ಮುಗಿಸಿದರು. ಅದರ ಸ್ವಚ್ಛತೆ ನನಗೆ ಇಷ್ಟ. ಆದರೆ ತಾರಸಿಯ ಹಾಡುಗಳಿಂದಲೂ ಗಾಳಿ, ಮಾತು, ನಗು ಎಲ್ಲವನ್ನೂ ಒರೆಸಿಹಾಕಿದ್ದು ಅತಿಯಾಯಿತು.

ಶ್ರುತಿ ಪತ್ತೆ ಮಾಡಲು ಪಾಶ್ಚಾತ್ಯ ಸಂಗೀತದ ಪಾಠ ಬೇಕಿಲ್ಲ. ಹಾಡು ಎಲ್ಲಿ ವಿಶ್ರಮಿಸುತ್ತದೆಯೋ ಆ ಸ್ವರವನ್ನು ಹಾರ್ಮೋನಿಯಂನಲ್ಲಿ ಹುಡುಕಿ. ನಮ್ಮ ಭಾಗವತರು ‘ಬಿಳಿ ಮೂರು’, ‘ಕಪ್ಪು ಎರಡು’ ಎನ್ನುವ ಹಾಗೆಯೇ ಬರೆದುಕೊಳ್ಳಿ; ಬಿಳಿ ಒಂದು ಎಂದರೆ ಪಾಶ್ಚಾತ್ಯರ ಸಿ (C) ಸ್ವರ. ಭಾವನಿಗೆ ಇಂಗ್ಲಿಷ್ ಹಾಡುಗಳ ಪರಿಚಯವೇ ಇಲ್ಲ. ಆದರೂ ಅರ್ಧ ತಾಸಿನಲ್ಲಿ ಎಲ್ಲ ಹಾಡುಗಳ ಶ್ರುತಿಯನ್ನೂ ಹಿಡಿದುಕೊಟ್ಟರು.

ಹಂತ 5: ನಾಲ್ಕು ಮೂಲೆಗಳನ್ನು ಮೊದಲು ಊರಿ

ಚಪ್ಪರ ಹಾಕುವಾಗ ಮೂಲೆಯ ಕಂಬಗಳನ್ನು ಮೊದಲು ನೆಡುತ್ತೇವೆ. ಇಲ್ಲಿ ಆ ಕಂಬಗಳು ಮೊದಲ ಮಗ್ಗುಲಿನ ಆರಂಭ ಮತ್ತು ಅಂತ್ಯ, ಎರಡನೆಯ ಮಗ್ಗುಲಿನ ಆರಂಭ ಮತ್ತು ಅಂತ್ಯ. ಉಳಿದ ಚೀಟಿಗಳನ್ನು ಆಮೇಲೆ ನೋಡೋಣ.

ಇಲ್ಲಿ ಒಂದು ಭೌತಿಕ ಸಂಗತಿಯನ್ನು ನೆನಪಿಡಿ. ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ಒಂದೇ ವೇಗದಲ್ಲಿ ತಿರುಗಿದರೂ, ಮುಳ್ಳಿನ ಕೆಳಗೆ ಸರಿಯುವ ಗೀರಿನ ಉದ್ದ ಎಲ್ಲ ಕಡೆ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಒಳ ಅಂಚಿನಲ್ಲಿ 20ರ ಆಸುಪಾಸು. ಒಳಗೆ ಬಂದಂತೆ ಅಬ್ಬರದ ಹಾಡುಗಳ ಅಂಚು ಹರಿದ ಹಾಗೆ ಕೇಳುತ್ತದೆ. ಅನೇಕ ಆಲ್ಬಂಗಳಲ್ಲಿ ಮಗ್ಗುಲಿನ ಕೊನೆಗೆ ಮೃದುವಾದ ಹಾಡು ಇರುವುದಕ್ಕೆ ಇದೂ ಒಂದು ಕಾರಣ. ಕೇಳುತ್ತ ಕೇಳುತ್ತ ನಮ್ಮ ಕಿವಿಯೂ ಅದನ್ನೇ ಬಯಸಲು ಕಲಿತಿದೆ.

ನಾನು ಎರಡು ದಿನ ಚೀಟಿಗಳನ್ನು ಆಡಿಸಿದರೂ ಕಂಬ ನಿಲ್ಲಲಿಲ್ಲ. ಕವಳ ಮೆಲ್ಲುತ್ತ ಕುಳಿತಿದ್ದ ಭಾವ ಒಂದು ಪ್ರಶ್ನೆ ಕೇಳಿದರು: “ಪದ್ಯಗಳನ್ನೆಲ್ಲ ಹೇಳಿದೆ. ಪ್ರಸಂಗ ಯಾವುದು?”

ಆ ಪ್ರಶ್ನೆಯನ್ನು ನೀವೂ ಈ ಹಂತದಲ್ಲಿ ಕೇಳಿಕೊಳ್ಳಲೇಬೇಕು. ಈ ಹಾಡುಗಳ ರಾಶಿಯೊಳಗೆ ಮೊದಲೇ ಇರುವ ಕಥೆ ಯಾವುದು? ಹೊಸದಾಗಿ ಕಥೆ ಕಟ್ಟಿ ಮೇಲೆ ಹೊದಿಸಬೇಡಿ, ಒಳಗಿರುವುದನ್ನು ಹುಡುಕಿ. ನಮಗೆ ಅದು ಸಿಕ್ಕಿದ್ದು ಜನವರಿಯ ದಿನಚರಿಯಲ್ಲಿ. ಮುಚ್ಚಿದ ಬಾಗಿಲೊಳಗೆ ಮುನಿಸು, ದುಃಖ, ಸ್ನೇಹದ ನೆನಪು. ಆಮೇಲೆ ಮೆಟ್ಟಿಲು ಹತ್ತಿ ತಾರಸಿಗೆ. ಅಲ್ಲಿ ಗಾಳಿ, ಆಟ, ಹಳೆಯ ಗೆಳೆತನ. ಮರುದಿನ ಮತ್ತೆ ಕೆಳಗೆ, ಪಿಯಾನೋ ಮುಂದೆ, ಸಮಾಧಾನ. ಒಂದು ಮಗ್ಗುಲು ಮನೆಯೊಳಗೆ, ಇನ್ನೊಂದು ಮಗ್ಗುಲು ತಾರಸಿಯ ಮೇಲೆ.

ಅಷ್ಟು ಹೊಳೆದ ಕೂಡಲೇ ನಾಲ್ಕೂ ಕಂಬ ನಿಂತವು. ಒಳಗಿನ ಮಗ್ಗುಲಿಗೆ ‘ಟೂ ಆಫ್ ಅಸ್’ ಆರಂಭ: ಎರಡು ಗಿಟಾರ್, ಎರಡು ದನಿ, ಮನೆಗೆ ಹೊರಟ ಇಬ್ಬರು. ಅಂತ್ಯಕ್ಕೆ ‘ಅಕ್ರಾಸ್ ದಿ ಯೂನಿವರ್ಸ್’, ಗೋಡೆಗಳನ್ನು ದಾಟಿ ಹೊರಗೆ ತೇಲುವ ಹಾಡು. ‘ಜೈ ಗುರುದೇವ ಓಂ’ ಎಂಬ ಸಾಲು ಬರುವುದೂ ಇದರಲ್ಲೇ. ತಾರಸಿಯ ಮಗ್ಗುಲಿಗೆ ‘ಒನ್ ಆಫ್ಟರ್ 909’ ಆರಂಭ. ಲೆನನ್ ಹದಿಹರೆಯದಲ್ಲಿ ಬರೆದ ರೈಲಿನ ಹಾಡು ಅದು. ಬಾಗಿಲು ದೂಡಿಕೊಂಡು ಬಂದ ಹಾಗೆ ಬರುತ್ತದೆ, ಒಡ್ಡೋಲಗಕ್ಕೆ ಹೇಳಿ ಮಾಡಿಸಿದ್ದು. ಅಂತ್ಯಕ್ಕೆ ‘ಲೆಟ್ ಇಟ್ ಬಿ’. ಅದರ ಹಿಂದೆಯೂ ಮುಂದೆಯೂ ಹಾಸ್ಯವಿಲ್ಲ.

ಹಂತ 6: ಕೂಡಿಕೆಗಳು

ಈಗ ನಡುವಿನ ಹಾಡುಗಳು. ಹಾಡನ್ನು ಪೂರ್ತಿ ಕೇಳುತ್ತ ಕುಳಿತರೆ ತಿಂಗಳು ಹಿಡಿಯುತ್ತದೆ. ಪ್ರತಿ ಹಾಡಿನ ಕೊನೆಯ 20 ಸೆಕೆಂಡು ಮತ್ತು ಮುಂದಿನದರ ಮೊದಲ 20 ಸೆಕೆಂಡು ಮಾತ್ರ ಕೇಳಿ. ಮೂರು ಸಂಗತಿಗಳನ್ನು ನೋಡಿ: ಶ್ರುತಿಯ ದೂರ, ನಡೆಯ ಬದಲಾವಣೆ, ದನಿಯ ಬದಲಾವಣೆ. ಮೂರೂ ಒಟ್ಟಿಗೆ ಬದಲಾದರೆ ಕೇಳುಗ ಬೆಚ್ಚುತ್ತಾನೆ. ಮೂರೂ ಬದಲಾಗದಿದ್ದರೆ ನಿದ್ದೆ ಹೋಗುತ್ತಾನೆ. ಒಂದು ಅಥವಾ ಎರಡು ಬದಲಾದರೆ ಹದ.

ಮೊದಲ ಮಗ್ಗುಲಿನಲ್ಲಿ ನಮ್ಮದು ಹೀಗಾಯಿತು. ‘ಟೂ ಆಫ್ ಅಸ್’ ಬಿಳಿ ಐದು, ಸಿಳ್ಳೆಯಲ್ಲಿ ಕರಗುತ್ತ ಮುಗಿಯುತ್ತದೆ. ಬಳಿಕ ‘ಐ ಮಿ ಮೈನ್’, ಬಿಳಿ ಆರರಲ್ಲಿ ಕೋಮಲ ಗಾಂಧಾರದ ಛಾಯೆ. ಷಡ್ಜದಿಂದ ರಿಷಭಕ್ಕೆ ಒಂದು ಮೆಟ್ಟಿಲು ಹತ್ತಿದಷ್ಟೇ ದೂರ, ಆದರೆ ಬಿಸಿಲು ಹೋಗಿ ಮೋಡ ಕವಿಯುತ್ತದೆ. ‘ನಾನು, ನನ್ನದು’ ಎಂಬ ಅಹಂಕಾರದ ಮೇಲಿನ ಈ ಹಾಡು ಮನೆಯೊಳಗಿನ ಮುನಿಸಿಗೆ ಸರಿಯಾಗಿ ಕೂರುತ್ತದೆ. (1970ರ ಜನವರಿ 3ರಂದು ಲೆನನ್ ಇಲ್ಲದೆ ಮೂವರೇ ಮುದ್ರಿಸಿದ ಹಾಡು ಇದು. ಮೂಲದಲ್ಲಿ 1 ನಿಮಿಷ 34 ಸೆಕೆಂಡು ಇದ್ದದ್ದನ್ನು ಸ್ಪೆಕ್ಟರ್ ಒಂದು ಭಾಗವನ್ನು ಮರುಬಳಸಿ ಹಿಗ್ಗಿಸಿದರು. ಆ ಹಿಗ್ಗಿಸುವಿಕೆ ನನಗೆ ಒಳ್ಳೆಯದೇ ಅನ್ನಿಸುತ್ತದೆ.)

ಮುಂದಿನ ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಕಪ್ಪು ಎರಡು. ಬಿಳಿ ಆರರಿಂದ ಕಪ್ಪು ಎರಡು ಎಂದರೆ ಷಡ್ಜದಿಂದ ತೀವ್ರ ಮಧ್ಯಮದಷ್ಟು ದೂರ. ಅದಕ್ಕಿಂತ ದೂರದ ನೆಲೆ ಸಪ್ತಕದಲ್ಲೇ ಇಲ್ಲ. ಶ್ರುತಿ, ನಡೆ, ದನಿ ಮೂರೂ ಬದಲಾಗುವ ಈ ಕೂಡಿಕೆ ನಮ್ಮನ್ನು ಬಹಳ ಕಾಡಿತು. ಹಾಡನ್ನು ಸರಿಸಿ ನೋಡಿದೆವು, ಬೇರೆಲ್ಲೂ ಅದು ನಿಲ್ಲಲಿಲ್ಲ. ಕೊನೆಗೆ ಮೌನದಿಂದ ಸರಿಪಡಿಸಿದೆವು. ಅದನ್ನು ಮುಂದಿನ ಹಂತದಲ್ಲಿ ಹೇಳುತ್ತೇನೆ. ಇಲ್ಲಿ ‘ನೇಕೆಡ್’ನ ರೂಪವನ್ನೇ ಬಳಸಿ. ಅದು ಜನವರಿ 31ರಂದು ಮುದ್ರಿಸಿದ್ದು, ವಾದ್ಯವೃಂದದ ಭಾರವಿಲ್ಲದೆ ಪಿಯಾನೋ ಮತ್ತು ಕಂಠ ಎದುರಿಗೇ ಇರುತ್ತವೆ.

‘ಫಾರ್ ಯೂ ಬ್ಲೂ’ ಬಿಳಿ ಎರಡು. ಕಪ್ಪು ಎರಡರಿಂದ ಅರ್ಧ ಸ್ವರ ಇಳಿದಾಗ ಬಿಗಿದ ತಂತಿ ಸಡಿಲವಾದ ಹಾಗೆ. ಬಳಿಕ ‘ಅಕ್ರಾಸ್ ದಿ ಯೂನಿವರ್ಸ್’. ಇಲ್ಲಿ ರೂಪದ ಆಯ್ಕೆ ನಿರ್ಣಾಯಕ. 1968ರ ಫೆಬ್ರುವರಿಯಲ್ಲಿ ಬಿಳಿ ಎರಡರಲ್ಲಿ ಮುದ್ರಣವಾದ ಹಾಡಿದು. ಮೊದಲು ಹೊರಬಂದ ರೂಪದಲ್ಲಿ ಟೇಪಿನ ವೇಗ ಹೆಚ್ಚಿಸಿದ್ದರಿಂದ ಶ್ರುತಿ ಕಪ್ಪು ಎರಡಕ್ಕೆ ಏರಿತು. 1970ರ ಆಲ್ಬಮ್ಮಿನಲ್ಲಿ ಸ್ಪೆಕ್ಟರ್ ನಿಧಾನಗೊಳಿಸಿದ್ದರಿಂದ ಕಪ್ಪು ಒಂದಕ್ಕೆ ಇಳಿಯಿತು. ‘ನೇಕೆಡ್’ನಲ್ಲಿ ಮೂಲ ವೇಗಕ್ಕೇ ಮರಳಿತು. ಹಾಗಾಗಿ ‘ನೇಕೆಡ್’ ರೂಪ ಹಾಕಿದರೆ ಹಿಂದಿನ ಹಾಡಿನ ಷಡ್ಜವೇ ಮುಂದುವರಿಯುತ್ತದೆ. ತಂಬೂರಿ ತಿರುಗಿಸುವ ಕೆಲಸವಿಲ್ಲ. ಮೂರು ರೂಪಗಳನ್ನೂ ಬದಲಿಸಿ ಬದಲಿಸಿ ಕೇಳಿದಾಗ, ಶ್ರುತಿಯ ಲೆಕ್ಕ ಗೊತ್ತಿಲ್ಲದ ನನ್ನ ಅಕ್ಕನೂ ಇದನ್ನೇ ಆರಿಸಿದಳು.

ಈ ಮಗ್ಗುಲಿಗೆ ಗೆಳೆಯ ‘ಓಲ್ಡ್ ಬ್ರೌನ್ ಶೂ’ ಸೇರಿಸಬೇಕೆಂದಿದ್ದ. ಜನವರಿಯ ತಾಲೀಮಿನಲ್ಲಿ ಅದು ಇತ್ತು, 1969ರ ಮೇ ತಿಂಗಳಲ್ಲಿ ಸಿಂಗಲ್ಲಿನ ಹಿಂಬದಿಯಲ್ಲಿ ಬಂತು. ಕಟ್ಟಳೆಗೆ ಒಪ್ಪುತ್ತದೆ. ಆದರೆ ಅದನ್ನು ಸೇರಿಸಿದರೆ ಆರರಲ್ಲಿ ಮೂರು ಹ್ಯಾರಿಸನ್ ಹಾಡಾಗಿ, ಮನೆಯೊಳಗಿನ ಜಗಳದಲ್ಲಿ ಒಬ್ಬರ ಮಾತೇ ಹೆಚ್ಚು ಕೇಳಿಸುತ್ತದೆ. ಒಳ್ಳೆಯ ಹಾಡನ್ನೇ ಬಿಟ್ಟೆವು.

ಎರಡನೆಯ ಮಗ್ಗುಲು ತಾನಾಗಿ ಕೂಡಿತು, ಮತ್ತು ಅದು ನನಗೆ ಈ ಇಡೀ ಕೆಲಸದ ದೊಡ್ಡ ಸಂತೋಷ. ಶ್ರುತಿ, ನಡೆ ನೋಡಿ ನಾವು ಹಾಕಿದ ಕ್ರಮ: ‘ಒನ್ ಆಫ್ಟರ್ 909’ (ಬಿಳಿ ಏಳು), ‘ಡಿಗ್ ಎ ಪೋನಿ’ (ಬಿಳಿ ಆರು), ‘ಐವ್ ಗಾಟ್ ಎ ಫೀಲಿಂಗ್’ (ಬಿಳಿ ಆರು), ‘ಡೋಂಟ್ ಲೆಟ್ ಮಿ ಡೌನ್’ (ಬಿಳಿ ಮೂರು), ‘ಗೆಟ್ ಬ್ಯಾಕ್’ (ಮತ್ತೆ ಬಿಳಿ ಆರು). ಬಿಳಿ ಆರಕ್ಕೆ ಬಿಳಿ ಮೂರು ಪಂಚಮ, ಹೋಗಿ ಮನೆಗೆ ಬಂದ ಹಾಗೆ. ಆಮೇಲೆ ತಾರಸಿ ಕಛೇರಿಯ ಕ್ರಮವನ್ನು ತೆಗೆದು ನೋಡಿದರೆ, ಅಂದು ‘ಒನ್ ಆಫ್ಟರ್ 909’ನಿಂದ ಕೊನೆಯವರೆಗೆ ಅವರು ನುಡಿಸಿದ್ದು ಇದೇ ಅನುಕ್ರಮದಲ್ಲಿ. ‘ಡೋಂಟ್ ಲೆಟ್ ಮಿ ಡೌನ್’ಗೆ ತಾರಸಿಯ ಎರಡು ಪ್ರಸ್ತುತಿಗಳನ್ನು ಬೆಸೆದ ‘ನೇಕೆಡ್’ ರೂಪ. ಉಳಿದ ನಾಲ್ಕಕ್ಕೆ ಮಾತು, ನಗು, ತಪ್ಪಿದ ಆರಂಭ ಎಲ್ಲ ಇರುವ 1970ರ ರೂಪ. ‘ಗೆಟ್ ಬ್ಯಾಕ್’ ಸ್ಟುಡಿಯೋದ್ದಾದರೂ, ಅದರ ಕೊನೆಗೆ ತಾರಸಿಯ ಮೇಲೆ ಲೆನನ್ ಹೇಳಿದ ಕೃತಜ್ಞತೆಯ ಮಾತನ್ನು ಅಂಟಿಸಿದ್ದಾರೆ. ನಮ್ಮ ಕಥೆಗೆ ಅದು ಬೇಕು.

‘ಲೆಟ್ ಇಟ್ ಬಿ’ಗೆ ಸಿಂಗಲ್ ರೂಪ ಹಾಕಿ. ಆಲ್ಬಂ ರೂಪದಲ್ಲಿ 1970ರ ಜನವರಿ 4ರಂದು ಸೇರಿಸಿದ ಗಿಟಾರ್ ಚೂಪಾಗಿದೆ. ಸಿಂಗಲ್ಲಿನಲ್ಲಿರುವುದು 1969ರ ಏಪ್ರಿಲ್ 30ರ ಮೃದುವಾದ ಗಿಟಾರ್. ಈ ಮಗ್ಗುಲಿನ ಆರೂ ಹಾಡುಗಳಲ್ಲಿ ಬಿಲ್ಲಿ ಪ್ರೆಸ್ಟನ್ ಅವರ ಕೀಬೋರ್ಡ್ ಇದೆ. ನಮ್ಮಲ್ಲಿ ಮದ್ದಳೆಯವರು ಹಿಮ್ಮೇಳವನ್ನು ಹಿಡಿದಿಡುವ ಹಾಗೆ ಅವರು ಇಡೀ ಮಗ್ಗುಲನ್ನು ಹಿಡಿದಿಡುತ್ತಾರೆ.

ಹಂತ 7: ಮೌನವನ್ನು ಅಳೆದು ಹಾಕಿ

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಧಾರಾಳ ಸಾಕು. ಹಾಡುಗಳನ್ನು ಆಮದು ಮಾಡಿ, ಒಂದರ ಕೆಳಗೊಂದು ಸಾಲಿನಲ್ಲಿ ಇಟ್ಟು, ಹಿಂದಿನದು ಮುಗಿದಲ್ಲಿ ಮುಂದಿನದು ಶುರುವಾಗುವಂತೆ ಸರಿಸಿ. ಮೊದಲು ಎಲ್ಲ ಕಡೆ ಎರಡು ಸೆಕೆಂಡು ಬಿಡುವು ಕೊಡಿ. ಆಮೇಲೆ ಒಂದೊಂದನ್ನೇ ತಿದ್ದಿ.

ಅಳತೆ ಸಿಗುವುದು ಕಾಲಿನಿಂದ. ಮುಗಿದ ಹಾಡಿನ ಲಯಕ್ಕೆ ಕಾಲಿನಲ್ಲಿ ತಾಳ ಹಾಕುತ್ತಲೇ ಇರಿ. ಮುಂದಿನ ಹಾಡು ಆ ತಾಳದ ಘಾತಕ್ಕೆ ಸರಿಯಾಗಿ ಬಿದ್ದರೆ ಓಟ ಮುಂದುವರಿಯುತ್ತದೆ, ತಾಳ ಮರೆತು ಕಾಲು ನಿಂತ ಮೇಲೆ ಬಂದರೆ ಹೊಸ ದೃಶ್ಯ ತೆರೆಯುತ್ತದೆ. ‘ಐ ಮಿ ಮೈನ್’ ಮತ್ತು ‘ಲಾಂಗ್ ಅಂಡ್ ವೈಂಡಿಂಗ್ ರೋಡ್’ ನಡುವೆ ನಾಲ್ಕೂವರೆ ಸೆಕೆಂಡು ಬಿಟ್ಟೆವು. ಹಿಂದಿನ ಷಡ್ಜ ಕಿವಿಯಿಂದ ಇಳಿಯಲು ಅಷ್ಟು ಬೇಕಾಯಿತು. ತಾರಸಿಯ ಹಾಡುಗಳ ನಡುವೆ ಶುದ್ಧ ಮೌನ ಹಾಕಲೇಬೇಡಿ: ಅಲ್ಲಿನ ಗಾಳಿಯ ಸದ್ದು ಒಮ್ಮೆಲೇ ಕಡಿದರೆ ಯಾರೋ ಬಾಯಿ ಮುಚ್ಚಿದ ಹಾಗಿರುತ್ತದೆ. ಒಂದರ ಬಾಲವನ್ನು ಇನ್ನೊಂದರ ತಲೆಗೆ ತಾಗಿಸಿ ಇಡಿ. ‘ಗೆಟ್ ಬ್ಯಾಕ್’ ಮುಗಿದು ‘ಲೆಟ್ ಇಟ್ ಬಿ’ಯ ಪಿಯಾನೋ ಬರುವ ಮುನ್ನ ಆರು ಸೆಕೆಂಡು. ಅದು ಮೆಟ್ಟಿಲಿಳಿಯುವ ಸಮಯ.

ದನಿಯ ಮಟ್ಟದ ಬಗ್ಗೆ ಎಚ್ಚರ. 2003ರ ಹಾಡುಗಳು ಹಳೆಯವುಗಳಿಗಿಂತ ಜೋರಾಗಿ ಕೇಳಬಹುದು. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಸ್ವಯಂಚಾಲಿತ ಆಯ್ಕೆಯನ್ನು ಪ್ರತಿ ಹಾಡಿಗೂ ಬೇರೆಬೇರೆಯಾಗಿ ಒತ್ತಬೇಡಿ. ಪಿಸುಮಾತೂ ಕೂಗೂ ಸಮವಾಗಿಬಿಡುತ್ತವೆ. ಹಾಡಿನ ಎಡಬದಿಯ ಪಟ್ಟಿಯನ್ನು ಒಂದೆರಡು ಡೆಸಿಬಲ್ ಇಳಿಸಿ, ಕಿವಿ ಒಪ್ಪುವ ತನಕ ನೋಡಿ. ಏರಿಸುವುದಕ್ಕಿಂತ ಇಳಿಸುವುದು ಸುರಕ್ಷಿತ. ಮುಗಿದ ಮೇಲೆ ಪ್ರತಿ ಮಗ್ಗುಲನ್ನೂ ಒಂದೊಂದೇ ಫ್ಲಾಕ್ ಅಥವಾ ವೇವ್ ಕಡತವಾಗಿ ಉಳಿಸಿ. ಹಾಡುಗಳನ್ನು ಬಿಡಿಬಿಡಿ ಎಂಪಿ3 ಮಾಡಿದರೆ ಅದರ ಆದಿ, ಅಂತ್ಯದಲ್ಲಿ ಚೂರು ಮೌನ ಸೇರಿಕೊಂಡು ನೀವು ಅಳೆದದ್ದೆಲ್ಲ ಕೆಡಬಹುದು.

ನಮ್ಮ ಲೆಕ್ಕ: ಮೊದಲ ಮಗ್ಗುಲು 15 ನಿಮಿಷ 21 ಸೆಕೆಂಡು, ಎರಡನೆಯದು 20 ನಿಮಿಷ 42 ಸೆಕೆಂಡು, ಬಿಡುವುಗಳನ್ನು ಬಿಟ್ಟು. ಮೊದಲನೆಯದು ಚಿಕ್ಕದಾಯಿತೆಂಬ ಅಳುಕು ನಮಗೂ ಇತ್ತು. ಆದರೆ ಮೂಲ ಆಲ್ಬಮ್ಮಿನ ಎರಡನೆಯ ಮಗ್ಗುಲೂ 16 ನಿಮಿಷ ದಾಟುವುದಿಲ್ಲ.

ಹಂತ 8: ಮೂರು ಜಾಗದಲ್ಲಿ ಕೇಳಿ, ನಡುವೆ ಒಂದು ವಾರ ಬಿಡಿ

ಒಮ್ಮೆ ಹೆಡ್‌ಫೋನಿನಲ್ಲಿ, ಒಮ್ಮೆ ಪ್ರಯಾಣದಲ್ಲಿ, ಒಮ್ಮೆ ನಾಲ್ಕು ಜನರ ನಡುವೆ. ನಾವು ಗೆಳೆಯನನ್ನು ಬಿಡಲು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಕಾರಿನಲ್ಲಿ ಹೋದಾಗ ಕೇಳಿದೆವು. ಸುಮಾರು 60 ಕಿಲೋಮೀಟರ್, ಎರಡು ಸಲ ಪೂರ್ತಿ ಕೇಳಲು ಸಾಕಾಗುವ ದಾರಿ. ಮಳೆಯ ಸದ್ದಿನಲ್ಲಿ ‘ಅಕ್ರಾಸ್ ದಿ ಯೂನಿವರ್ಸ್’ನ ಆರಂಭ ಪೂರ್ತಿ ಮುಳುಗಿಹೋಯಿತು. ಅದಕ್ಕಾಗಿ ಮಟ್ಟ ಏರಿಸಬೇಡಿ. ಮನೆಯ ಮೌನದಲ್ಲಿ ಅದು ಸರಿಯಾಗಿದ್ದರೆ ಸರಿಯೇ. ಘಟ್ಟದಲ್ಲಿ ಬಯಲಾದ ನಿಜವಾದ ದೋಷ ಬೇರೆ: ‘ಟೂ ಆಫ್ ಅಸ್’ನ ಸಿಳ್ಳೆ ಕರಗುವ ಮೊದಲೇ ‘ಐ ಮಿ ಮೈನ್’ ನುಗ್ಗುತ್ತಿತ್ತು. ಒಂದು ಸೆಕೆಂಡು ಸೇರಿಸಿದೆವು.

ಜೊತೆಗೆ ಕೇಳುವವರಿಗೆ ಅಭಿಪ್ರಾಯ ಕೇಳಬೇಡಿ, ಅವರನ್ನು ಗಮನಿಸಿ. ಯಾವ ಸಂದಿನಲ್ಲಿ ಮಾತು ಶುರುವಾಗುತ್ತದೆ, ಎಲ್ಲಿ ಮೊಬೈಲ್ ಹೊರಬರುತ್ತದೆ, ಎಲ್ಲಿ ಅಡಿಕೆ ಸುಲಿಯುವ ಕೈ ಒಂದು ಗಳಿಗೆ ನಿಲ್ಲುತ್ತದೆ. ನಮ್ಮ ಜಗಲಿಯಲ್ಲಿ ಆ ಕೈಗಳು ನಿಂತದ್ದು ಆರು ಸೆಕೆಂಡಿನ ಮೌನದಲ್ಲಿ.

ಹಂತ 9: ಪಟ್ಟಿ ಹಂಚಿ, ಹಾಡು ಹಂಚಬೇಡಿ

ಹಾಡುಗಳ ಹಕ್ಕು ಅವುಗಳ ಒಡೆಯರದು. ನೀವು ಜೋಡಿಸಿದ ಕಡತ ನಿಮ್ಮ ಮನೆಯಲ್ಲಿರಲಿ. ಇತರರಿಗೆ ಕೊಡಬೇಕಾದದ್ದು ಕ್ರಮ, ಯಾವ ರೂಪ ಎಲ್ಲಿಂದ, ನಡುವೆ ಎಷ್ಟು ಸೆಕೆಂಡು ಎಂಬ ವಿವರ. ಅಷ್ಟಿದ್ದರೆ ಬೇಕಾದವರು ತಮ್ಮದೇ ಪ್ರತಿಗಳಿಂದ ಕಟ್ಟಿಕೊಳ್ಳುತ್ತಾರೆ. ಪ್ರತಿ ಆಯ್ಕೆಯ ಪಕ್ಕ ಒಂದು ಸಾಲಿನ ಕಾರಣ ಬರೆಯಿರಿ; ಕಾರಣ ಬರೆಯಲಾಗದಿದ್ದರೆ ಆ ಆಯ್ಕೆಯನ್ನು ಇನ್ನೊಮ್ಮೆ ನೋಡಿ. ಕೆಳಗೆ ದಿನಾಂಕ ಹಾಕಿ. ಬಿಟ್ಟ ಹಾಡುಗಳ ಚೀಟಿಗಳನ್ನು ಎಸೆಯದೆ ಅದೇ ಲಕೋಟೆಯಲ್ಲಿಡಿ.

ನಮ್ಮ ಲಕೋಟೆ ಈಗ ಕಾರವಾರದಲ್ಲಿದೆ. ಮಳೆ ಕಳೆದ ಮೇಲೆ ಗೆಳೆಯ ತನ್ನದೇ ಇನ್ನೊಂದು ಕ್ರಮ ಬರೆದು ಕಳುಹಿಸಿದ್ದಾನೆ: ತಾರಸಿಯ ಮಗ್ಗುಲು ಮೊದಲು, ಮನೆಯೊಳಗಿನದು ಆಮೇಲೆ, ಕೊನೆಯ ಹಾಡು ‘ಟೂ ಆಫ್ ಅಸ್’, ಸಿಳ್ಳೆ ಕರಗುತ್ತ ಮುಕ್ತಾಯ. ಈ ಶನಿವಾರ ಅದನ್ನು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಕುಳಿತು ಕೇಳಬೇಕೆಂದಿದ್ದೇವೆ. ಭಾವನೂ ಬರುತ್ತಾರೆ, ಪೆನ್ಸಿಲ್ ತರುತ್ತಾರೆ.